ಸಹಿಗೆ ಮುನ್ನ ಬೇಸಿಕ್ ನೋಡಿ

ಸಂಬಳ ಕಡಿತದ ಪತ್ರ ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ತಿಂಗಳಿಗೆ ಎಷ್ಟು ಕಮ್ಮಿ ಎಂದು. ಕತ್ತರಿ ಬಿದ್ದಿರುವುದು ಬೇಸಿಕ್‌ಗೋ ಭತ್ಯೆಗೋ, ಅದನ್ನು ಮೊದಲು ನೋಡಿ.

2020ರ ಲಾಕ್‌ಡೌನ್ ಹೊತ್ತಿನಲ್ಲಿ ನಾನಿದ್ದ ಬೆಂಗಳೂರಿನ ಕಂಪನಿ ಎಲ್ಲರ ಬೇಸಿಕ್ ಅನ್ನು ಶೇ 20ರಷ್ಟು ಇಳಿಸಿ, ‘ಸ್ವಇಚ್ಛೆಯಿಂದ ಒಪ್ಪಿದ್ದೇನೆ’ ಎಂಬ ಪತ್ರಕ್ಕೆ ಸಹಿ ಕೇಳಿತು. ಕೆಲಸ ಉಳಿದರೆ ಸಾಕಪ್ಪಾ ಎನ್ನುವ ಕಾಲ. ಇಪ್ಪತ್ತು ವರ್ಷ ದುಡಿದ ಹಿರಿಯರೊಬ್ಬರು ಮೂರು ತಿಂಗಳಲ್ಲಿ ನಿವೃತ್ತರಾಗುವವರಿದ್ದರು. ಬೇಸಿಕ್ 30,000 ಇದ್ದದ್ದು 24,000 ಆಗುತ್ತದೆ, ಒಟ್ಟು 18,000 ಹೋದರೆ ಹೋಗಲಿ ಎಂದರು.

ಹೋಗುವುದು ಅಷ್ಟೇ ಆಗಿರಲಿಲ್ಲ. ಆಗಿನ ನಿಯಮದಂತೆ ಗ್ರಾಚ್ಯುಟಿಯ ಲೆಕ್ಕ ಕೊನೆಯ ಸಂಬಳದ ಮೇಲೆ: ಬೇಸಿಕ್ ಮತ್ತು ತುಟ್ಟಿಭತ್ಯೆ ಕೂಡಿಸಿ, 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕಿತ್ತು. ನಮ್ಮಲ್ಲಿ ತುಟ್ಟಿಭತ್ಯೆ ಇರಲಿಲ್ಲ. 30,000ಕ್ಕಾದರೆ ಅವರಿಗೆ ಸುಮಾರು 3,46,000 ರೂಪಾಯಿ, 24,000ಕ್ಕಾದರೆ 2,77,000. ಇಪ್ಪತ್ತೂ ವರ್ಷದ ದುಡಿಮೆಯಿಂದ 69,000 ಕೈಬಿಡುತ್ತಿತ್ತು. ಪಿಎಫ್‌ನಲ್ಲಿ ಆಗುವ ನಷ್ಟ ಬೇರೆ.

ಈ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು ನಾವು ಕೆಲವರು ಎಚ್‌ಆರ್ ಮುಂದಿಟ್ಟೆವು. ಬೇಸಿಕ್ ಮುಟ್ಟಬೇಡಿ, ವಿಶೇಷ ಭತ್ಯೆಯಲ್ಲಿ ಹಿಡಿಯಿರಿ, ಹಳೆಯ ಸಂಬಳ ಮತ್ತೆ ಯಾವ ತಿಂಗಳಿಂದ ಸಿಗುತ್ತದೆ ಎಂದು ಬರೆದುಕೊಡಿ ಎಂದೆವು. ಬೇಸಿಕ್ ಉಳಿಯಿತು. ತಿಂಗಳನ್ನು ಮಾತ್ರ ಬರೆದುಕೊಡಲಿಲ್ಲ.

ಕಾನೂನಿನ ಬಲವೂ ಇದೆ. ಕಾರ್ಮಿಕರ ವೇತನ ಬದಲಿಸುವ ಮುನ್ನ 21 ದಿನದ ನೋಟಿಸ್ ಕೊಡಬೇಕು ಎಂಬ ನಿಯಮ ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಲ್ಲಿತ್ತು, ಈಗಿನ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೆ. ಮ್ಯಾನೇಜರ್‌ಗಳಿಗೆ ಇದು ಸಿಗದು. ಅವರಿಗೆ ನೇಮಕಾತಿ ಪತ್ರವೇ ಆಧಾರ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಮಾತ್ರ ಇಬ್ಬರಿಗೂ ಅನ್ವಯ. ಅಕ್ರಮವಾಗಿ ಹಿಡಿದ ಹಣಕ್ಕಾಗಿ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು, ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು. ಕೊಡಬೇಕಾದ್ದನ್ನು ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದ್ದು. ನನಗೆ ಇಡೀ ಸಂಹಿತೆಯಲ್ಲಿ ಅತಿ ಮುಖ್ಯ ಎನಿಸಿದ ಮಾತು ಇದೇ.

ಒತ್ತಡಕ್ಕೆ ಸಹಿ ಹಾಕಲೇಬೇಕಾಗಿ ಬಂದರೆ ‘ಆಕ್ಷೇಪಣೆಯೊಂದಿಗೆ’ ಎಂದು ಬರೆದು, ದಿನಾಂಕ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ಸ್ಯಾಲರಿ ಸ್ಲಿಪ್‌ಗಳನ್ನು ಕಂಪನಿಯ ಮೇಲ್‌ನಲ್ಲೇ ಬಿಡಬೇಡಿ. ಕೆಲಸ ಬಿಟ್ಟ ದಿನವೇ ಆ ಮೇಲ್ ಬಂದ್ ಆಗುತ್ತದೆ.