ಜ್ಯೂರಿಯೂ ನಮ್ಮೂರ ಪಂಚರೂ

ರಾಜ್ಯಶಾಸ್ತ್ರದ ವರ್ಗದಲ್ಲಿ ಜ್ಯೂರಿ ಪದ್ಧತಿಯನ್ನು ಕುರಿತು ಪಾಠ ಹೇಳುತ್ತಿದ್ದಾಗ ನಮ್ಮ ಗುರುಗಳು, “ನಿಮ್ಮಲ್ಲಿ ಯಾರಾದರೂ ನ್ಯಾಯ ಹೇಳಲು ಕುಳಿತದ್ದುಂಟೇ?” ಎಂದು ವಿನೋದಕ್ಕಾಗಿ ಕೇಳಿದರು. ವರ್ಗವೆಲ್ಲ ನಕ್ಕಿತು. ನನಗೆ ಮಾತ್ರ ನಗೆ ಬರಲಿಲ್ಲ. ಮೂರು ವಾರಗಳ ಹಿಂದೆ ಸವದತ್ತಿ ತಾಲೂಕಿನ ನಮ್ಮ ಊರಿನಲ್ಲಿ, ಜ್ವರದಿಂದ ಮಲಗಿದ್ದ ಅಜ್ಜನ ಬದಲಿಗೆ ನಾನು ಐದನೆಯ ಪಂಚನಾಗಿ ಕುಳಿತು ಬಂದಿದ್ದೆ. ಆ ಅನುಭವವನ್ನು ಹೇಳುವ ಮೊದಲು ಜ್ಯೂರಿಯೆಂದರೇನು, ಅದಕ್ಕೂ ನಮ್ಮ ಪಂಚರಿಗೂ ಇರುವ ಸಂಬಂಧವೇನು ಎಂಬುದನ್ನು ಸ್ವಲ್ಪ ವಿಚಾರಿಸಬೇಕಾಗಿದೆ.

ಜ್ಯೂರಿಯೆಂದರೆ ಪ್ರಮಾಣಮಾಡಿ ಕುಳಿತ ಸಾಮಾನ್ಯ ನಾಗರಿಕರ ಮಂಡಲಿ. ಕಾಯಿದೆ ಏನೆಂಬುದನ್ನು ನ್ಯಾಯಾಧೀಶನು ಹೇಳುತ್ತಾನೆ. ನಡೆದ ಸಂಗತಿ ಯಾವುದು ಎಂಬುದನ್ನು ಜ್ಯೂರಿಯವರು ನಿರ್ಣಯಿಸುತ್ತಾರೆ. ಅಮೇರಿಕೆಯ ಸಂವಿಧಾನಕ್ಕೆ 1791ರಲ್ಲಿ ಸೇರಿದ ಏಳನೆಯ ತಿದ್ದುಪಡಿಯು 20 ಡಾಲರಿಗೆ ಮಿಕ್ಕಿದ ದಿವಾಣಿ ದಾವೆಗಳಲ್ಲಿಯೂ ಈ ಹಕ್ಕನ್ನು ಕಾಯ್ದಿಟ್ಟಿತು. ಇಂಗ್ಲಂಡದಲ್ಲಾದರೋ 1933ರ ಕಾಯಿದೆಯ ತರುವಾಯ ದಿವಾಣಿ ಜ್ಯೂರಿ ಅಪರೂಪವಾಯಿತು.

ಭಾರತದಲ್ಲಿ ಬ್ರಿಟಿಷರು ಜ್ಯೂರಿಯನ್ನು ತಂದದ್ದು ಮುಖ್ಯವಾಗಿ ಫೌಜದಾರಿ ಖಟ್ಲೆಗಳಿಗೆ. 1959ರಲ್ಲಿ ಮುಂಬಯಿಯಲ್ಲಿ ನಡೆದ ನಾನಾವತಿ ಖಟ್ಲೆಯಲ್ಲಿ ಒಂಬತ್ತು ಜನರ ಪೈಕಿ ಎಂಟು ಜನರು ಆರೋಪಿ ನಿರ್ದೋಷಿಯೆಂದರು. ನ್ಯಾಯಾಧೀಶರು ಒಪ್ಪದೆ ಅದನ್ನು ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಶಿಕ್ಷೆಯಾಯಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಉಳಿಯಲಿಲ್ಲ. ದಿವಾಣಿ ವ್ಯವಹಾರದಲ್ಲಿ ಜ್ಯೂರಿಯಂತಹ ಒಂದು ಏರ್ಪಾಟು ಪಾರಸಿಗಳ ವಿವಾಹ ನ್ಯಾಯಾಲಯದಲ್ಲಿ ಮಾತ್ರ ಕಂಡುಬರುತ್ತದೆ. 1936ರ ಪಾರಸಿ ವಿವಾಹ ಕಾಯಿದೆಯಂತೆ ಆ ಸಮಾಜದ ಏಳು ಜನ ಪ್ರತಿನಿಧಿಗಳು ನ್ಯಾಯಾಧೀಶರೊಡನೆ ಕುಳಿತು, ಸಂಗತಿಗಳನ್ನು ಬಹುಮತದಿಂದ ನಿರ್ಣಯಿಸಬೇಕು. 1988ರಲ್ಲಿ ಆ ಸಂಖ್ಯೆಯನ್ನು ಐದಕ್ಕೆ ಇಳಿಸಲಾಯಿತು. ಐದೆಂಬ ಸಂಖ್ಯೆಯನ್ನು ಓದಿದಾಗ ನನಗೆ ನಮ್ಮ ಪಂಚರೇ ನೆನಪಾದರು.

ನಮ್ಮ ನಾಡಿನಲ್ಲಿ ಪಂಚಾಯತಿಯ ಬೇರು ಆಳವಾದುದು. 1818ರಲ್ಲಿ ಪೇಶವೆಯರ ರಾಜ್ಯ ಮುಗಿದಾಗ ಕಮಿಶನರನಾಗಿ ಬಂದ ಎಲ್ಫಿನ್‌ಸ್ಟನ್ನನು, ಈ ಸೀಮೆಯ ದಿವಾಣಿ ನ್ಯಾಯದ ದೊಡ್ಡ ಸಾಧನವೇ ಪಂಚಾಯತಿಯೆಂದು 1819ರ ವರದಿಯಲ್ಲಿ ಬರೆದನು. ಅದರಲ್ಲಿಯ ವಿಳಂಬ, ಪಕ್ಷಪಾತ ಮೊದಲಾದ ದೋಷಗಳನ್ನೂ ಅವನು ಮರೆಮಾಚಲಿಲ್ಲ. ಇದೇ ಎಲ್ಫಿನ್‌ಸ್ಟನ್ನನು ಮುಂಬಯಿಯ ಗವರ್ನರನಾಗಿದ್ದಾಗ, 1824ರಲ್ಲಿ, ಕಿತ್ತೂರಿನ ಶಿವಲಿಂಗರುದ್ರ ಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಅವನು ದತ್ತಕ ತೆಗೆದುಕೊಂಡದ್ದು ನಿಜವೋ ಅಲ್ಲವೋ ಎಂಬುದು ಸರಿಯಾಗಿ ನೋಡಿದರೆ ಒಂದು ದಿವಾಣಿ ಪ್ರಶ್ನೆ. ಎರಡೂ ಪಕ್ಷದವರನ್ನು ಕೇಳಿ ನಾಲ್ಕು ಜನ ತಟಸ್ಥರು ಹೇಳಬೇಕಾದ ಮಾತು. ಆದರೆ ಧಾರವಾಡದ ಕಲೆಕ್ಟರ ಥ್ಯಾಕರೆಯು ಸಂಶಯಪಟ್ಟು ದತ್ತಕವನ್ನು ಒಪ್ಪಲಿಲ್ಲ. ಸಂಸ್ಥಾನವನ್ನು ವಶಮಾಡಿಕೊಳ್ಳಬೇಕೆಂದಿದ್ದ ಪಕ್ಷವೇ ನ್ಯಾಯ ಹೇಳುವ ಸ್ಥಾನದಲ್ಲಿಯೂ ಕುಳಿತಂತಾಯಿತು. ಅಕ್ಟೋಬರ 23ರಂದು ಯುದ್ಧವಾಯಿತು, ಥ್ಯಾಕರೆ ಮಡಿದನು. ಚೆನ್ನಮ್ಮರಾಣಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಬೈಲಹೊಂಗಲದ ಸಮಾಧಿಯ ಮುಂದೆ ನಿಂತಾಗ ನಾವು ಶೌರ್ಯವನ್ನು ನೆನೆಯುತ್ತೇವೆ. ಅವಳ ಮಾತನ್ನು ಯಾರೂ ಸರಿಯಾಗಿ ಕೇಳಲಿಲ್ಲವೆಂಬುದನ್ನೂ ನೆನೆಯಬೇಕು.

ಇನ್ನು ನನ್ನ ಅನುಭವ. ನಮ್ಮೂರ ಅಣ್ಣತಮ್ಮಂದಿರಿಬ್ಬರಿಗೆ ಕೂಡಿ ನಾಲ್ಕು ಎಕರೆ ಎರೆಹೊಲವಿತ್ತು. ತಮ್ಮನು ತೀರಿಕೊಂಡನು, ಅವನ ಹೆಂಡತಿಯೂ ಒಬ್ಬ ಮಗಳೂ ಉಳಿದರು. ಹೊಲವೆಲ್ಲ ತನಗಿರಲಿ, ವರ್ಷಕ್ಕಿಷ್ಟು ಜೋಳ ಕೊಡುತ್ತೇನೆ, ಹುಡುಗಿಯ ಮದುವೆ ಮಾಡಿಕೊಡುತ್ತೇನೆ ಎಂದು ಅಣ್ಣನು ಹೇಳಿದನು. ಅವನು ಕೆಟ್ಟವನಲ್ಲ. ಊರಿನಲ್ಲಿ ಅವನ ಮಾತಿಗೆ ಬೆಲೆಯಿದೆ. ದೈವದವರು ಗುಡಿಯ ಕಟ್ಟೆಯ ಮೇಲೆ ಕೂಡಿದರು. “ತಮ್ಮಾ, ನೀನು ಓದಿದಾಂವ, ಕುಂದರು, ಕಾಗದಾನೂ ನೀನ ಬರಿ” ಎಂದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆ ಮಾತಿನಿಂದ ನನಗೆ ಅಭಿಮಾನವೆನಿಸಿತು.

ಆ ಹೆಣ್ಣುಮಗಳು ದೂರದಲ್ಲಿ ಕಂಬದ ಮರೆಗೆ ಕುಳಿತಿದ್ದಳು. “ಆಕೀದೇನೂ ತಕರಾರಿಲ್ಲ” ಎಂದು ಯಾರೋ ಹೇಳಿದರು. ನಾನು “ಉಭಯತರ ಒಪ್ಪಿಗೆಯಿಂದ” ಎಂದು ಬರೆದೆನು. ಸಹಿಗೆಂದು ಕಾಗದ ಒಯ್ದಾಗ ಆಕೆ ಮೆಲ್ಲಗೆ, “ಇದರಾಗ ಏನ ಬರದೈತಿ, ತಮ್ಮಾ?” ಎಂದು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಹಿರಿಯರೊಬ್ಬರು, “ನಿನಗ ಚಲೋ ಆಗೂದ ಬರದಾರವ್ವಾ, ಸಹಿ ಮಾಡು” ಎಂದರು. ನಾನು ಸುಮ್ಮನಿದ್ದೆನು. ಆಕೆ ಸಹಿ ಮಾಡಿದಳು.

ಗುರುಗಳ ಪ್ರಶ್ನೆ ನನ್ನನ್ನು ಚುಚ್ಚಿದ್ದು ಇದಕ್ಕಾಗಿಯೇ. ಪಾಠ ಮುಗಿದ ಮೇಲೆ ಅವರಲ್ಲಿ ಹೋಗಿ ಇದ್ದದ್ದನ್ನೆಲ್ಲ ಹೇಳಿದೆನು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಗಂಡನ ಪಾಲಿನಲ್ಲಿ ವಿಧವೆಗೂ ಮಗಳಿಗೂ ಹಕ್ಕಿದೆಯೆಂದೂ, ಹೊಲದ ಹಕ್ಕನ್ನು ಬಿಟ್ಟುಕೊಡುವ ಪತ್ರ ನೋಂದಣಿಯಾಗದೆ ಸಿಂಧುವಾಗದೆಂದೂ ಅವರು ತಿಳಿಸಿದರು. ಕಾಯಿದೆಯಲ್ಲಿ ಆ ಕಾಗದಕ್ಕೆ ಬಲವಿರಲಿಲ್ಲ, ಆದರೆ ಊರಿನಲ್ಲಿತ್ತು. ಆ ಬಲ ನನ್ನ ಅಕ್ಷರದ್ದು.

ಜ್ಯೂರಿಗೂ ಪಂಚರಿಗೂ ಇರುವ ಭೇದ ನನಗೆ ಆಗ ಸ್ಪಷ್ಟವಾಯಿತು. ಜ್ಯೂರಿಯವನು ಪಕ್ಷಗಾರರನ್ನು ಅರಿಯದವನಾಗಿರಬೇಕು. ನಂಟಸ್ತಿಕೆ ಇದ್ದರೆ ಅವನನ್ನು ತೆಗೆದುಹಾಕುತ್ತಾರೆ. ಪಂಚನಾದರೋ ಎಲ್ಲರನ್ನೂ ಬಲ್ಲವನೆಂದೇ ಅವನನ್ನು ಕರೆಯುತ್ತಾರೆ. ಇಂಗ್ಲಂಡದಲ್ಲಿಯೂ ಪ್ರಾಚೀನ ಕಾಲದ ಜ್ಯೂರಿಯವರು ಸಂಗತಿ ಬಲ್ಲ ನೆರೆಹೊರೆಯವರೇ ಆಗಿದ್ದರು. ಬರಬರುತ್ತ, ಎದುರಿಗೆ ಬಂದ ಸಾಕ್ಷಿಯ ಮೇಲೆಯೇ ನಿರ್ಣಯ ಹೇಳಬೇಕೆಂಬ ನಿಯಮ ಬೆಳೆಯಿತು. ಬಲ್ಲವನಿಗೆ ಬಚ್ಚಿಟ್ಟ ಸುಳ್ಳು ಬೇಗ ತಿಳಿಯುತ್ತದೆ. ಇದು ಪಂಚರ ಗುಣ. ಆದರೆ ತಾನು ಬಲ್ಲೆನೆಂಬ ಭರವಸೆಯಿಂದ ಅವನು ಕೇಳುವುದನ್ನೇ ಬಿಡುತ್ತಾನೆ. ಇದು ಪಂಚರ ದೋಷ. ಅಂದು ನಾವು ಐವರೂ ಅಣ್ಣನನ್ನು ಬಲ್ಲೆವು, ಆದ್ದರಿಂದ ತಮ್ಮನ ಹೆಂಡತಿಯನ್ನು ಕೇಳಲಿಲ್ಲ.

ಶನಿವಾರ ಊರಿಗೆ ಹೋಗಿ ಅಜ್ಜನಿಗೆ ಹೇಳಿದೆನು. ಮೊದಲು ಸಿಟ್ಟಾದರು. “ಪಂಚರೆಂದರ ಪರಮೇಶ್ವರ, ಹೇಳಿದ್ದನ್ನ ತಿರುಗಿಸಬ್ಯಾಡ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಆಕಿನ್ನ ಕೇಳಿದ್ರೇನು?” ಎಂದರು. “ಇಲ್ಲ, ಅಜ್ಜಾ.” “ಕೇಳದs ಹೇಳಿದ್ರ ಅದು ನ್ಯಾಯ ಅಲ್ಲ ಬಿಡು” ಎಂದು ಕೋಲು ಹಿಡಿದು ಎದ್ದರು.

ಮತ್ತೆ ದೈವ ಕೂಡಿತು. ಈ ಸಲ ಆಕೆ ಕಟ್ಟೆಯ ಎದುರಿಗೆ ಕುಳಿತಳು. ನಾನು ಹಳೆಯ ಕಾಗದವನ್ನು ಗಟ್ಟಿಯಾಗಿ ಓದಿದೆನು. ಆಕೆ ಹೇಳಿದ್ದು ಎರಡೇ ಮಾತು: “ಉತಾರದಾಗ ನನ್ನ ಹೆಸರು, ನನ್ನ ಮಗಳ ಹೆಸರು ಇರಲಿ. ಬಿತ್ತೂದು ಭಾವನs ಬಿತ್ತಲಿ.” ಒಬ್ಬ ಹಿರಿಯರು ಬೇಸತ್ತು ಎದ್ದು ಹೋದರು. ಭಾವನು ಬಹಳ ಹೊತ್ತು ನೆಲ ನೋಡುತ್ತ ಕುಳಿತು, ಕೊನೆಗೆ “ಆಗಲಿ” ಎಂದನು. ಕಾಗದವನ್ನು ಹರಿದೆವು. ವಾರಸಾ ಅರ್ಜಿಯನ್ನು ನಾನೇ ಬರೆದುಕೊಟ್ಟೆನು. ಆಕೆ ಓದಿಸಿ ಕೇಳಿ ಸಹಿ ಮಾಡಿದಳು.

ಇಂದು ಪಂಚರ ತತ್ತ್ವವು 1987ರ ಕಾಯಿದೆಯ ಲೋಕ ಅದಾಲತದಲ್ಲಿ ಹೊಸ ರೂಪ ತಳೆದಿದೆ. ಅಲ್ಲಿಯೂ ಉಭಯತರ ಒಪ್ಪಿಗೆಯೇ ತಳಹದಿ. ಆದ ಒಪ್ಪಂದಕ್ಕೆ ದಿವಾಣಿ ಡಿಕ್ರಿಯ ಬಲವಿದ್ದು, ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದ ಆ ಒಪ್ಪಿಗೆ ನಿಜವಾದುದೋ ಎಂದು ಕೇಳುವವರು ಅಲ್ಲಿಯೂ ಬೇಕು. ನಾವು ಪದವಿ ಪಡೆದು ಊರಿಗೆ ಮರಳಿದಾಗ ಕಾಗದ ಬರೆಯಲು ನಮ್ಮನ್ನೇ ಕರೆಯುತ್ತಾರೆ. ಬರೆಯುವ ಮೊದಲು ಕೇಳೋಣ. ಬರೆದ ಮೇಲೆ ಗಟ್ಟಿಯಾಗಿ ಓದಿ ಹೇಳೋಣ.