ಮುದ್ರೆಯೂ ನಂಬಿಕೆಯೂ

ಸುಳ್ಳನ್ನು ನಂಬುವವರು ಅವಿವೇಕಿಗಳು ಮಾತ್ರವೆಂಬುದು ಲೋಕದ ಸಾಮಾನ್ಯ ಅಭಿಪ್ರಾಯ. ಇದು ಪೂರ್ಣಸತ್ಯವಲ್ಲ. ಮನಸ್ಸಿನಲ್ಲಿ ಮೊದಲೇ ನೆಲೆಸಿರುವ ನೋವು, ಆಸೆ, ಭಯಗಳೇ ಸುಳ್ಳಿಗೆ ಬಾಗಿಲನ್ನು ತೆರೆಯುತ್ತವೆ. ಇದಕ್ಕೆ ದೃಷ್ಟಾಂತವು ಉಳವಿಯ ಸೀಮೆಯ ಚರಿತ್ರೆಯಲ್ಲಿಯೇ ಉಂಟು.

ಸೊರಬ, ಶಿಕಾರಿಪುರಗಳನ್ನೊಳಗೊಂಡ ಈ ನಾಡು ಹಿಂದೆ ಕೆಳದಿಯ ಅರಸರದಾಗಿದ್ದಿತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದನು, ಬಿದನೂರು ನಗರವೆನಿಸಿತು. ಆದರೂ ಶಿವಪ್ಪನಾಯಕನು ಗೊತ್ತುಪಡಿಸಿದ್ದ ಕಂದಾಯದ 'ಶಿಸ್ತ'ನ್ನು ಒಕ್ಕಲುಮಕ್ಕಳು ಮರೆಯಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಇಷ್ಟು ಹಣವನ್ನು ತಂದೊಪ್ಪಿಸಬೇಕೆಂಬ ಷರತ್ತಿನ ಮೇಲೆ ವಸೂಲಿಯನ್ನು ಅಮಲುದಾರರಿಗೆ ವಹಿಸಲಾಗುತ್ತಿತ್ತು. ಅದರ ಭಾರವೆಲ್ಲ ರೈತನ ಬೆನ್ನಿನ ಮೇಲೆ ಬಿದ್ದಿತು.

ಅಂತಹ ಸಮಯದಲ್ಲಿ ಬೂದಿ ಬಸವಪ್ಪನೆಂಬಾತನು ತಾನು ಕೆಳದಿಯ ವಂಶದವನೆಂದೂ, ನಗರದ ಗದ್ದುಗೆಗೆ ಬಾಧ್ಯನೆಂದೂ ಸಾರಿದನು. ಹಿಂದಿನ ಅರಸರ ಸೇವೆಯಲ್ಲಿದ್ದ ಜಂಗಮನೊಬ್ಬನ ಮೂಲಕ ಹಳೆಯ ರಾಜಮುದ್ರೆಗಳು ಅವನ ಕೈಸೇರಿದ್ದುವೆಂದು ಬ್ರಿಟಿಷರ ಕಾಲದ ಬರಹಗಳು ಹೇಳುತ್ತವೆ. ಬಾಕಿಯೆಲ್ಲವೂ ಮನ್ನಾ ಆಗುವುದು, ಕಂದಾಯವು ಶಿವಪ್ಪನಾಯಕನ ಶಿಸ್ತಿಗೆ ಇಳಿಯುವುದು ಎಂದು ಅವನು ಮಾತುಕೊಟ್ಟನು. 1830ರಲ್ಲಿ ರೈತರು ದಂಗೆಯೆದ್ದರು. 1831ರಲ್ಲಿ ನಗರದ ಕೋಟೆಯು ಸರಕಾರದ ಸೇನೆಯ ವಶವಾಯಿತು. ಅದೇ ವರ್ಷ ಮೈಸೂರಿನ ಆಡಳಿತವನ್ನು ಇಂಗ್ಲಿಷರು ಕೈಗೆತ್ತಿಕೊಂಡು, 1881ರವರೆಗೆ ಬಿಟ್ಟುಕೊಡಲಿಲ್ಲ.

ಇಲ್ಲಿ ವಿವೇಚಿಸತಕ್ಕ ಅಂಶವೊಂದಿದೆ. ರೈತರ ಸಂಕಟವು ಸುಳ್ಳಲ್ಲ; ಅವರು ನ್ಯಾಯವನ್ನು ಕೇಳಿದುದು ತಪ್ಪೂ ಅಲ್ಲ. ಆದರೆ ನೋವು ನಿಜವೆಂದ ಮಾತ್ರಕ್ಕೆ, ಆ ನೋವಿಗೆ ಮದ್ದು ತಂದಿರುವೆನೆಂದವನ ಮಾತೂ ನಿಜವಾಗಬೇಕೆಂಬ ನಿಯಮವಿಲ್ಲ. ಮುದ್ರೆಯು ಅರಸರದೇ ಇದ್ದೀತು; ಅದನ್ನು ಹಿಡಿದವನೂ ಅರಸನೇ ಎಂದು ಅದು ಹೇಳಲಾರದು. ವೇಷಕ್ಕಿಂತ ನಡೆಯನ್ನು ಮುಂದಿಟ್ಟು ನೋಡಿರೆಂದು ಶರಣರು ಬೋಧಿಸಿದುದು ಇದೇ ಕಾರಣಕ್ಕೆ.

ಆಸೆಯಂತೆಯೇ ಭಯವೂ ಕಣ್ಣನ್ನು ಮುಚ್ಚುತ್ತದೆ. 2018ರ ಜುಲೈ ತಿಂಗಳಲ್ಲಿ, ಬಸವಕಲ್ಯಾಣವಿರುವ ಬೀದರ ಜಿಲ್ಲೆಯಲ್ಲಿಯೇ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯು ಮೊಬೈಲಿನಿಂದ ಮೊಬೈಲಿಗೆ ಹರಡಿತು. ಮುರ್ಕಿ ಗ್ರಾಮದ ಬಳಿ ಜನರ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅವನೊಡನಿದ್ದವರು ದಾರಿಯಲ್ಲಿ ಮಕ್ಕಳಿಗೆ ಮಿಠಾಯಿ ಕೊಟ್ಟಿದ್ದುದೇ ಸಂಶಯಕ್ಕೆ ಮೂಲವಾಗಿತ್ತು. ಮಕ್ಕಳ ಮೇಲಿನ ಮಮತೆಯು ದೋಷವಲ್ಲ. ವಿಚಾರವನ್ನು ತೊರೆದ ಮಮತೆಯೇ ಅಲ್ಲಿ ಕೊಲೆಗೆ ಕೈಯಾಯಿತು.

ಆದಕಾರಣ ಗೃಹಸ್ಥನು ಯಾವ ಸುದ್ದಿಯನ್ನೇ ಆಗಲಿ ನೆರೆಯವನಿಗೆ ದಾಟಿಸುವ ಮೊದಲು ಮೂರು ಮಾತುಗಳನ್ನು ಕೇಳಿಕೊಳ್ಳತಕ್ಕದ್ದು: ಇದನ್ನು ಕಣ್ಣಾರೆ ಕಂಡವರು ಯಾರು? ಇದರಿಂದ ಲಾಭ ಪಡೆಯುವವರು ಯಾರು? ಇದು ನಿಜವಾಗಲೆಂದು ನನ್ನ ಮನಸ್ಸು ಏಕೆ ಹಂಬಲಿಸುತ್ತಿದೆ? ಮೊದಲೆರಡಕ್ಕೆ ಉತ್ತರವನ್ನು ಹೊರಗೆ ಹುಡುಕಬಹುದು. ಮೂರನೆಯದಕ್ಕೆ ಒಳಗೇ ಹುಡುಕಬೇಕು, ಕಠಿನವಾದುದೂ ಅದೇ. ಒಲ್ಲದ ಸುದ್ದಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ. ಮನಸ್ಸಿಗೆ ಒಪ್ಪಿದ ಸುದ್ದಿಯನ್ನೂ ಪರೀಕ್ಷಿಸುವುದೇ ಅರಿವು.