ಕ್ಲಸ್ಟರ್‌ಗಿಂತ ಮೊದಲು ಲೈಸೆನ್ಸ್ ಸರ್ವರ್

ಕೊಲ್ಹಾಪುರದ ಶಿರೋಲಿ, ಗೋಕುಳ ಶಿರಗಾಂವ್ ಕೈಗಾರಿಕಾ ವಸಾಹತುಗಳು ಎರಕದ ಕೆಲಸಕ್ಕೆ ಹೆಸರಾದವು. ಕಾದ ಲೋಹ ಅಚ್ಚಿನಲ್ಲಿ ಹೇಗೆ ಹರಿದೀತು, ಎಲ್ಲಿ ಟೊಳ್ಳು ಉಳಿದೀತು ಎಂದು ಮೊದಲೇ ಲೆಕ್ಕ ಹಾಕುವ ತಂತ್ರಾಂಶ ದುಬಾರಿ. ಅದನ್ನು ಕ್ಲೌಡ್ ಕ್ಲಸ್ಟರ್‌ನಲ್ಲಿ ಓಡಿಸಲು ಹೊರಟವರು, ಇಚಲಕರಂಜಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳಾಗಲಿ, ಗಡಹಿಂಗ್ಲಜದ ಕನ್ನಡದ ಮನೆಗಳ ಹುಡುಗ ಹುಡುಗಿಯರಾಗಲಿ, ತಂತ್ರಾಂಶ ಬಳಸಲು ಅನುಮತಿ ಕೊಡುವ ಲೈಸೆನ್ಸ್ ಸರ್ವರನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು.

ಫ್ಲೆಕ್ಸ್‌ಎಲ್‌ಎಂ ಎಂಬ ಲೈಸೆನ್ಸ್ ನಿರ್ವಹಣಾ ವ್ಯವಸ್ಥೆಯ ಫೈಲು ಸಾಮಾನ್ಯವಾಗಿ ಸರ್ವರ್ ಯಂತ್ರದ ಜಾಲ ಸಂಪರ್ಕದ ಗುರುತಾದ ಮ್ಯಾಕ್ ವಿಳಾಸಕ್ಕೆ ಕಟ್ಟುಬಿದ್ದಿರುತ್ತದೆ. ಕ್ಲೌಡ್ ಯಂತ್ರವನ್ನು ಅಳಿಸಿ ಹೊಸದನ್ನು ಎಬ್ಬಿಸಿದರೆ ವಿಳಾಸ ಬದಲಾಗಿ, ದುಡ್ಡು ಕೊಟ್ಟು ಪಡೆದ ಲೈಸೆನ್ಸ್ ಕೆಲಸಕ್ಕೆ ಬಾರದು. ಅಮೆಜಾನ್ ಕ್ಲೌಡ್‌ನಲ್ಲಿ ಇದಕ್ಕೆ ದಾರಿಯಿದೆ: ನೆಟ್‌ವರ್ಕ್ ಇಂಟರ್‌ಫೇಸನ್ನು ಪ್ರತ್ಯೇಕವಾಗಿ ಸೃಷ್ಟಿಸಿ, ಅದರ ಮ್ಯಾಕ್ ವಿಳಾಸಕ್ಕೇ ಲೈಸೆನ್ಸ್ ಬರೆಸಿಕೊಳ್ಳಬಹುದು. ಅದೇ ಇಂಟರ್‌ಫೇಸನ್ನು ಬೇರೆ ಯಂತ್ರಕ್ಕೆ ಜೋಡಿಸಿದರೂ ವಿಳಾಸ ಉಳಿಯುತ್ತದೆ.

ಇನ್ನು ಪೋರ್ಟುಗಳು. ಲೈಸೆನ್ಸ್ ಸರ್ವರಿನ ಮುಖ್ಯ ಸೇವೆ ಸಾಮಾನ್ಯವಾಗಿ 27000ರಿಂದ 27009ರೊಳಗೆ ಕೂರುತ್ತದೆ. ಅದರ ಜೊತೆ ಓಡುವ, ತಂತ್ರಾಂಶ ಮಾರಾಟಗಾರರ ಡೀಮನ್ (ಹಿನ್ನೆಲೆ ಸೇವೆ) ಮಾತ್ರ ಪ್ರತಿ ಸಲ ಹೊಸ ಪೋರ್ಟ್ ಹಿಡಿಯಬಹುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಲೈಸೆನ್ಸ್ ಫೈಲಿನಲ್ಲಿ ಅದಕ್ಕೂ ಪೋರ್ಟ್ ಸಂಖ್ಯೆ ಬರೆದು, ಎರಡನ್ನೂ ಕ್ಲಸ್ಟರ್‌ನ ಒಳ ಜಾಲಕ್ಕಷ್ಟೇ ತೆರೆಯಿರಿ. ತಂತ್ರಾಂಶದ ಒಪ್ಪಂದ ಕ್ಲೌಡ್ ಬಳಕೆಗೆ ಅನುಮತಿ ಕೊಟ್ಟಿದೆಯೇ ಎಂಬುದಕ್ಕೆ ಉತ್ತರವನ್ನು ಖರೀದಿಗೆ ಮುಂಚೆಯೇ ಬರಹದಲ್ಲಿ ಪಡೆಯಿರಿ.